ಊಟದ ಮೇಲೆ ಬಂದ ಮಾತು

ಕಮಲಾಪುರ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಸಪ್ನಾ,

ಜೈ ಭೀಮ್.

ನಿಮ್ಮ ಕಂಪನಿಯವರು ಕೊಟ್ಟ ಮಾತುಗಳನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನನ್ನು ಟೀಮ್ ಲೀಡ್ ಮಾಡುತ್ತೇವೆ ಅಂದರು, ಮಾಡಲಿಲ್ಲ. ಗಿರಾಕಿಗಳ ಮುಂದೆ ನೀನೇ ಮಾತಾಡು ಅಂದರು. ಲ್ಯಾಪ್‌ಟಾಪ್ ಕೊಟ್ಟು ಹಿಂದಿನ ಕುರ್ಚಿಯಲ್ಲಿ ಕೂಡಿಸಿದರು. ಹೊಸಬರನ್ನು ತಯಾರು ಮಾಡು, ಅದನ್ನೂ ಗಮನಕ್ಕೆ ತಗೋತೀವಿ ಅಂದರು; ತಯಾರಾದವರು ಮುಂದೆ ಹೋದರು, ನೀನು ಇದ್ದಲ್ಲೇ ಉಳಿದಿ. ಕೇಳಿದರೆ ನಿಮ್ಮ ಮ್ಯಾನೇಜರ್ ಅರುಣಕುಮಾರ, ಸಪ್ನಾ ಅವರ ಕೋಡ್ ಫಸ್ಟ್ ಕ್ಲಾಸ್ ಅದರಿ, ಆದ್ರ ಮುಂದಾಳ್ತನ ಕಾಣವಲ್ದು ಅಂದನಂತೆ.

ಕಾಣವಲ್ದು. ನಮ್ಮ ಓಣಿಯ ಮಕ್ಕಳು ಓದಿ ಮೇಲೆ ಬಂದ ಕಡೆಗೆಲ್ಲ ಇಂಥದೊಂದು ಮಾತು ಕಾದು ಕೂತಿರುತ್ತದೆ. ಮೊದಲು ಅಕ್ಷರ ಇಲ್ಲ ಅಂದರು. ಅಕ್ಷರ ಬಂತು, ಡಿಗ್ರಿ ಇಲ್ಲ ಅಂದರು. ಡಿಗ್ರಿಯೂ ಬಂತು, ಈಗ ಅವರ ಕಣ್ಣಿಗಷ್ಟೇ ಕಾಣುವಂಥದ್ದೇನೋ ಬೇಕಂತೆ.

ಆದರೆ ನಾನು ಕಂಡಿದ್ದೇನೆ. ಅದನ್ನು ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಾದರೆ ನಾನು ಭಾಷಣಕ್ಕೆ ಇಳಿಯುತ್ತೇನೆ, ನೀನು ಹೂಂ ಅತ್ತಿ, ಹೂಂ ಅತ್ತಿ ಅನ್ನುತ್ತ ಕಂಪ್ಯೂಟರ್ ಒತ್ತುತ್ತಿರುತ್ತಿ. ನೆರೆಮನೆಯ ಇಕ್ಬಾಲ್ ಬೇಗಂ ನಾಳೆ ಮಗಳ ಮನೆಗೆಂದು ಕಲಬುರಗಿಗೆ ಬರುತ್ತಾಳೆ. ಖೂಬಾ ಪ್ಲಾಟಿನ ನಿನ್ನ ರೂಮಿಗೇ ತಂದು ಕೊಡುತ್ತಾಳೆ.

ಇಲ್ಲಿನ ಬಾಳೆ ಬೆಳೆಗಾರರ ಸಂಘಕ್ಕೆ ನಿಮ್ಮ ಕಂಪನಿ ಆ್ಯಪ್ ಮಾಡಿಕೊಂಡು ಬಂದ ದಿನ ನೆನೆಸಿಕೋ. ಗೊನೆ ಕಡಿಯುವ ತಾರೀಖನ್ನು ರೈತ ಫೋನಿನಲ್ಲಿ ಹಾಕಬೇಕು, ವ್ಯಾಪಾರಿ ಅದನ್ನು ನೋಡಿ ಗಾಡಿ ತರಬೇಕು. ಗೊನೆ ಹೊರುವ ಹೆಣ್ಣುಮಕ್ಕಳ ಜೊತೆ ನಾನೂ ಹಿಂದೆ ಕೂತಿದ್ದೆ. ನಿನ್ನ ಜೊತೆಗಾರ ವಿವೇಕಾನಂದ ಪರದೆಯ ಮೇಲೆ ಒಂದೊಂದಾಗಿ ತೋರಿಸಿದ. ಹುಡುಗ ಕೆಟ್ಟವನಲ್ಲ, ಅವಸರದವನು. ಏನರ ತಪ್ಪದ ಏನ್ರಿ ಅಂತ ಕೇಳಿದ. ಸಂಘದ ಅಧ್ಯಕ್ಷ ಗುರುಲಿಂಗಪ್ಪ, ಭಾಳ ಛಲೋ ಆಗ್ಯಾದ್ರಿ ಸರ್ ಅಂದ. ಎಲ್ಲರೂ ಗೋಣು ಹಾಕಿದರು. ಊಟಕ್ಕ ನಿಲ್ರಿ ಅಂದರೂ ನಿಮ್ಮವರು ನಿಲ್ಲಲಿಲ್ಲ, ಖುಷಿಯಿಂದ ಗಾಡಿ ಹತ್ತಿದರು.

ನೀನು ನಿಂತಿ. ಗುರುಲಿಂಗಪ್ಪನ ಹೆಂಡತಿ ಶಿವಕಾಂತಮ್ಮ ನಿನ್ನನ್ನು ಎಲ್ಲಿ ಕೂಡಿಸುತ್ತಾಳೆ ನೋಡಬೇಕೆಂದು ನಾನು ಬಾಗಿಲಲ್ಲೇ ಕಾದೆ. ಒಳಗೆ, ಪಂಕ್ತಿಯ ನಡುವೆ ಕೂಡಿಸಿದಳು. ಇಲ್ಲದಿದ್ದರೆ ಅವತ್ತಿನ ಕತೆ ಬೇರೆ ಇತ್ತು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಉಂಡಿ. ಕೈ ತೊಳೆದ ಮೇಲೆ ಶಿವಕಾಂತಮ್ಮನೇ ಶುರು ಮಾಡಿದಳು: ತಾರೀಖ ಬರದ್ರ ಮಾತು ಕೊಟ್ಟಂಗ ಆತವ್ವ, ಅವತ್ತ ಮಳಿ ಬಂದ್ರ, ಕಾಯಿ ಬಲೀಲಿಲ್ಲಂದ್ರ, ಊರಾಗ ನಾವು ಸುಳ್ಳಬುರಕರು, ಯಾರೂ ಬರಿಯಂಗಿಲ್ಲ ನೋಡು. ಮತ್ತ ಮುಂಜಾನೆ ಯಾಕ ಹೇಳಲಿಲ್ರಿ ಅಂತ ನೀನು ಕೇಳಿದ್ದಕ್ಕೆ ಅವಳು, ಇನ್ನೂ ಉಣ್ಣದ ಮಂದಿ ಮುಂದ ಹುಳುಕು ತಗೀತಾರೇನ ಹುಚ್ಚಿ ಅಂದಳು. ಮನೆಯೆಲ್ಲ ನಕ್ಕಿತು.

ನನ್ನ ಬೆರಗು ಶುರುವಾದದ್ದು ಆಮೇಲೆ. ನಾನಾಗಿದ್ದರೆ ಮರುದಿನ ಆಫೀಸಿನಲ್ಲಿ ಟೇಬಲ್ ಗುದ್ದಿ ವಿವೇಕಾನಂದನ ಮಾನ ಹರಾಜಿಗಿಡುತ್ತಿದ್ದೆ. ನೀನು ಅವನೊಬ್ಬನನ್ನೇ ಕರೆದು, ವಿವೇಕ, ನಾವು ಕೇಳಿದ ಹೊತ್ತು ತಪ್ಪೇದ, ಇನ್ನೊಮ್ಮೆ ಹೋಗೋಣು ನಡಿ ಅಂದಿಯಂತೆ. ಕರೆದುಕೊಂಡು ಬಂದಿ. ಉಣ್ಣಲಿಕ್ಕೆ ಕೂಡಿಸಿದಿ. ಆಮೇಲೆ ಸುಮ್ಮನಿದ್ದಿ, ಅವನೇ ಕೇಳಿದ, ಅವನೇ ತಲೆ ಕೆರೆದುಕೊಂಡ. ತಾರೀಖು ತೆಗೆದು, ವ್ಯಾಪಾರಿಗೆ ಗೊನಿ ನೋಡಲಿಕ್ಕ ಬರ್ರಿ ಅನ್ನುವ ಬಟನ್ ಇಟ್ಟಿರಿ. ಈಗ ಕಮಲಾಪುರದವರು ಅದನ್ನು ಯಾರೂ ಹೇಳದೆ ಒತ್ತುತ್ತಾರೆ. ಕೋಡ್ ಬರೆಯುವುದು ನಿಮ್ಮ ಆಫೀಸಿನಲ್ಲಿ ಎಲ್ಲರಿಗೂ ಬರುತ್ತದೆ. ಮರ್ಯಾದೆಗೆ ಹಾಕಿದ ಗೋಣು ಯಾವುದು, ಮನಸ್ಸಿನಿಂದ ಹಾಕಿದ್ದು ಯಾವುದು ಎಂದು ಹಿಡಿದು, ತಪ್ಪಿದವನ ಮಾನ ಕಳೆಯದೆ ತಪ್ಪು ತಿದ್ದಿಸುವುದು ಎಷ್ಟು ಮಂದಿಗೆ ಬರುತ್ತದೆ? ಇಷ್ಟು ವರ್ಷ ಮೈಕ್ ಹಿಡಿದ ನನಗೇ ಬಂದಿಲ್ಲ.

ಹೊಗಳಿದ್ದು ಸಾಕು, ಈಗ ಬೈಯುತ್ತೇನೆ. ಇಷ್ಟೆಲ್ಲ ಮಾಡಿ ಅರುಣಕುಮಾರನ ಮುಂದೆ ನೀನು ಹೇಳಿದ್ದೇನು? ಟೀಮ್ ಎಲ್ಲಾ ಸೇರಿ ಮಾಡೀವ್ರಿ ಸರ್. ಹೆಸರು ವಿವೇಕಾನಂದನಿಗೆ ಹೋಯಿತು. ಕಳೆದ ರವಿವಾರ, ರಾಜೀನಾಮೆ ಬರದಿಟ್ಟೀನಿ ಅತ್ತಿ ಅಂತ ಬಂದು ಕೂತಿ. ಗೇಟಿನ ಮುಂದೆ ಧರಣಿ ಕೂಡೋಣ ಅಂದೆ. ನಿನ್ನ ಘೋಷಣಾ ಎಸಿ ರೂಮಿನ ಕಿಟಕಿ ದಾಟಂಗಿಲ್ಲತ್ತಿ ಅಂತ ನಕ್ಕಿ. ಆಮೇಲೆ, ಹದಿನೇಳಕ್ಕ ಸೋಮವಾರ ಟೈಮ್ ತಗೊಂಡು ನಾನೇ ಕೇಳ್ತೀನಿ, ನೀ ಯಾರ ಕೈಲೂ ಹೇಳಸಬ್ಯಾಡ ಅಂದಿ. ದನಿ ಏರಿಸದೆ ಅಂದ ಆ ಮಾತಿಗೆ ನಾನು, ಭೀಮಬಾಯಿ, ಬಾಯಿ ಮುಚ್ಚಿದೆ.

ಕೇಳು. ಜಗಳಕ್ಕಲ್ಲ, ಬೇಡಲಿಕ್ಕೂ ಅಲ್ಲ. ಊಟ ಆದ ಮೇಲೆ ಏನು ಗೊತ್ತಾಯಿತು, ವಿವೇಕಾನಂದನನ್ನು ಮರಳಿ ಕರೆತಂದದ್ದು ಯಾರು, ನಡೆದದ್ದನ್ನು ನಡೆದಂತೆ ಹೇಳು. ನಾವು ನಾವು ಅಂತ ಜೀವನವೆಲ್ಲ ಘೋಷಣೆ ಕೂಗಿಸಿದವಳೇ ಹೇಳುತ್ತಿದ್ದೇನೆ: ಸೋಮವಾರ ಒಂದು ತಾಸು ನಾನು ಅಂತ ಅನ್ನು. ಅದು ಜಂಬವಲ್ಲ. ಮಾಡಿದವಳು ಸುಮ್ಮನಿದ್ದರೆ ಕೆಲಸಕ್ಕೆ ಬೇರೆಯವರ ಹೆಸರು ಬೀಳುತ್ತದೆ. ಹೊಲದಲ್ಲೂ ಅಷ್ಟೇ, ಆಫೀಸಿನಲ್ಲೂ ಅಷ್ಟೇ. ನೋಡೋಣು ಅಂದರೆ ಯಾವಾಗ್ರಿ ಅನ್ನು. ಇಲ್ಲ ಅಂದರೆ ಯಾಕ್ರಿ ಅನ್ನು. ಕಾರಣ ಅವನ ಬಾಯಿಂದಲೇ ಬರಲಿ. ಆಮೇಲೂ ಬಿಡಬೇಕೆನಿಸಿದರೆ ಬಿಡು. ಕೇಳದೆ ಬಿಡಬೇಡ.

ನಿನ್ನ ಸೋದರತ್ತಿ,
ಭೀಮಬಾಯಿ

ತಾ.ಕ.: ಮುಚ್ಚಿಟ್ಟದ್ದೊಂದು ಇದೆ. ನೀನು ಬೇಡ ಅಂದ ಮೇಲೂ ನಿನ್ನೆ ಗುರುಲಿಂಗಪ್ಪನ ಮನೆಗೆ ಹೋದೆ. ಕಂಪನಿಗೆ ಫೋನ್ ಮಾಡಿ ಸಪ್ನಾಳ ಪರ ಒಂದು ಮಾತು ಹೇಳ್ರಿ ಅಂದೆ. ಅವನು ನಕ್ಕುಬಿಟ್ಟ. ನಿಮ್ಮ ಹುಡುಗಿ ಮೊದಲೇ ಫೋನ್ ಮಾಡ್ಯಾಳ್ರಿ ಅಕ್ಕಾರ ಅಂದ. ನೀನು ಅವನಿಗೆ, ನಮ್ಮತ್ತಿ ಬಂದೇ ಬರ್ತಾಳ, ಆಕಿಗಿ ಚಹಾ ಕೊಟ್ಟು ಕಳಸ್ರಿ, ನನ್ನ ಪರ ಯಾರಿಗೂ ಏನೂ ಹೇಳಬ್ಯಾಡ್ರಿ, ಆ್ಯಪ್ ಬಗ್ಗೆ ಯಾರರ ಕೇಳಿದ್ರ ಖರೇ ಏನದ ಅದಷ್ಟ ಹೇಳ್ರಿ ಅಂತ ಹೇಳಿಟ್ಟಿದ್ದಿಯಂತೆ. ಚಹಾ ಕುಡಿದು ಎದ್ದು ಬಂದೆ. ಇನ್ನು ನಾನು ಕಮಲಾಪುರ ಬಿಟ್ಟು ಕದಲುವುದಿಲ್ಲ. ಅರುಣಕುಮಾರನ ಕೋಣೆಗೆ ನೀನೊಬ್ಬಳೇ ಹೋಗು: ಸೋಮವಾರ, ಮುಂಜಾನೆ ಹನ್ನೊಂದಕ್ಕೆ.