ಬಾನೆಟ್ ತಣ್ಣಗಿತ್ತು, ಅಧ್ಯಕ್ಷರೇ

ಸೇತುವೆ ಪ್ರಾಧಿಕಾರದ ಅಧ್ಯಕ್ಷರಿಗೆ,

ಮಾನ್ಯರೇ,

ಇವತ್ತು ಬೆಳಿಗ್ಗೆ ನೀವು ಸಭೆಯ ಮುಂದಿಡಲಿರುವ ಪ್ರಸ್ತಾವವನ್ನು ಓದಿದ್ದೇನೆ. ಸೇತುವೆಯ ಸುಂಕವನ್ನು ಇನ್ನೂ ಹತ್ತು ವರ್ಷ ಮುಂದುವರಿಸಬೇಕಂತೆ. ಎಂಜಿನ್ ಆರಿಸಿ ಕೈಯಿಂದ ತಳ್ಳಿಕೊಂಡು ಹೋಗುವ ಗಾಡಿಗಳ ಮೇಲೂ ಇನ್ನು ಸುಂಕ ಹಾಕಬೇಕಂತೆ. ಅದಕ್ಕೆ ನೀವು ಕೊಟ್ಟಿರುವ ಕಾರಣ, ‘ಅಜಾಗರೂಕ ವ್ಯಕ್ತಿಯೊಬ್ಬರಿಗೆ ಇತ್ತೀಚೆಗೆ ಆದ ಗಾಯವನ್ನು ಗಮನದಲ್ಲಿಟ್ಟು, ಸಾರ್ವಜನಿಕರ ಸುರಕ್ಷತೆಗಾಗಿ.’ ಆ ಅಜಾಗರೂಕ ವ್ಯಕ್ತಿ ನನ್ನ ಅಣ್ಣ. ಅವನ ಬಲಗಾಲು ಮುರಿದದ್ದು ನಿಮ್ಮ ಸುಂಕದಿಂದ. ಈಗ ಅದೇ ಕಾಲನ್ನು ಮುಂದೆ ಮಾಡಿಕೊಂಡು ಸುಂಕವನ್ನು ಬೆಳೆಸಲು ಹೊರಟಿದ್ದೀರಿ. ಇಂಥ ಬುದ್ಧಿ ಎಲ್ಲರಿಗೂ ಬರುವುದಿಲ್ಲ, ಅದಕ್ಕೇ ನೀವು ಅಧ್ಯಕ್ಷರು.

ನಾನು ಯಾರೆಂದು ಹೇಳಿಬಿಡುತ್ತೇನೆ. ನದಿಯ ಈಚೆ ದಡದಲ್ಲಿ, ಹಾರ್ಡ್‌ವೇರ್ ಅಂಗಡಿಯ ಹಿಂದಿನ ಓಣಿಯಲ್ಲಿ, ನಾನೂ ಅಣ್ಣನೂ ಸೋಫಾ, ಕುರ್ಚಿ ದುರಸ್ತಿಯ ಅಂಗಡಿ ನಡೆಸುತ್ತೇವೆ. ಹಳೆಯ ಹೊದಿಕೆ ಕಿತ್ತು, ಸ್ಪ್ರಿಂಗು ಕಟ್ಟಿ, ಸ್ಪಂಜು ತುಂಬುವುದು ನನ್ನ ಕೆಲಸ. ಹೊಲಿಗೆ ಅಣ್ಣನದು. ದಪ್ಪ ರೆಕ್ಸಿನ್ ಹೊಲಿಯುವ ನಮ್ಮ ಮಶೀನು ಕಾಲಿನಿಂದ ತುಳಿಯುವಂಥದ್ದು. ಮೋಟರ್ ಹಾಕಿಸೋಣ ಎಂದು ನಾನು ಎಷ್ಟು ಸಲ ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. “ಮೂಲೆ ತಿರುಗೋವಾಗ ಒಂದೊಂದೇ ಹೊಲಿಗೆ ಬೀಳ್ಬೇಕು ಕಣೇ, ಮೋಟರ್‌ಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತೆ?” ಎನ್ನುತ್ತಿದ್ದ. ನಮ್ಮ ಗಿರಾಕಿಗಳೆಲ್ಲ, ಹೋಟೆಲಿನವರು, ಕಚೇರಿಯವರು, ಹಲ್ಲಿನ ಡಾಕ್ಟರು, ಆಚೆ ದಡದಲ್ಲಿದ್ದಾರೆ. ನಿಮ್ಮ ಸಭಾಂಗಣವೂ ಅಲ್ಲೇ ಇದೆ. ಇವತ್ತು ನೀವು ಕೂರಬೇಕಾದ ಕುರ್ಚಿಯ ಹೊದಿಕೆ ನನ್ನ ಅಣ್ಣ ಹೊಲಿದದ್ದು. ಅದರೊಳಗೆ ಒಂದು ಮೊಳೆ ಬಿಟ್ಟಿರಬೇಕಿತ್ತು ಎಂದು ನನಗೆ ಈಗ ದಿನಾ ಅನ್ನಿಸುತ್ತದೆ.

ಸೇತುವೆ ಪುಕ್ಕಟೆಯಾಗಿ ಎದ್ದು ನಿಲ್ಲುವುದಿಲ್ಲ ಎಂದು ನಮಗೂ ಗೊತ್ತು. ಕಟ್ಟಿದ ಸಾಲ ತೀರುವವರೆಗೆ ಸುಂಕ ಎಂದಿರಿ, ಒಪ್ಪಿದೆವು. ಸಾಲ ತೀರಿತು ಎಂದು ನೀವೇ ಸಮಾರಂಭ ಮಾಡಿದಿರಿ. ಆಮೇಲೆ ನಿರ್ವಹಣೆಗೆ ಎಂದಿರಿ. ಯಾವ ನಿರ್ವಹಣೆ? ಸೇತುವೆಯ ಎರಡು ತುಂಡು ಸೇರುವಲ್ಲಿ ಬಾಯಿ ಬಿಟ್ಟ ಬಿರುಕಿನ ಮೇಲೆ ಒಂದು ಕಬ್ಬಿಣದ ತಗಡು ಹಾಸಿದ್ದೀರಿ, ಅದರ ಮೇಲೆ ಚಕ್ರ ಹೋದರೆ ಪಾತ್ರೆ ಬಿದ್ದ ಸದ್ದು. ಕಂಬಗಳಿಗೆ ಮಾತ್ರ ಬಣ್ಣ ಬದಲಿಸುವ ದೀಪ ಬಂದಿದೆ. ವಿರೋಧ ಪಕ್ಷದವರು ಇದನ್ನು ಹಗಲು ದರೋಡೆ ಎಂದು ಗಂಟಲು ಹರಿದುಕೊಂಡರು, ಗೆದ್ದರು, ಬಂದು ನಿಮ್ಮನ್ನೇ ಮುಂದುವರಿಸಿದರು. ಈಗ ಸೋತವರು ಅದೇ ಮಾತನ್ನು ಅದೇ ರಾಗದಲ್ಲಿ ಹೇಳುತ್ತಿದ್ದಾರೆ. ಇವರ ಚರ್ಚೆಯನ್ನು ಟೀವಿಯಲ್ಲಿ ನೋಡುವಾಗ ಒಂದು ಮಾತು ತಲೆಗೆ ಹೊಳೆಯಿತು. ಎರಡೂ ಕಡೆಯವರ ಕಾರಿನ ಗಾಜಿನ ಮೇಲೆ ‘ವಿನಾಯಿತಿ’ ಚೀಟಿ ಇದೆ. ಸುಂಕ ಕಟ್ಟದವರು ಸುಂಕದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಚರ್ಚಿಸಬಹುದು. ನಮಗೆ ಬೇರೆ ದಾರಿಯೂ ಇಲ್ಲ, ಹಳೆಯ ಸೇತುವೆಯನ್ನು ನೀವೇ ನಿಂತು ಕೆಡವಿಸಿದ್ದೀರಿ.

ನಿಮ್ಮ ನಿಯಮದಲ್ಲಿ ಎಂಜಿನ್ ಬಲದಿಂದ ದಾಟುವ ಗಾಡಿಗೆ ಮಾತ್ರ ಸುಂಕ. ತಳ್ಳುಗಾಡಿಯವರ ಮೇಲೆ ಕನಿಕರ ತೋರಿಸಲು ಹಾಗೆ ಬರೆದಿದ್ದಿರಿ, ಪಾಪ. ನಮ್ಮ ದಡದವರು ಆ ಕನಿಕರವನ್ನು ಗಟ್ಟಿಯಾಗಿ ಹಿಡಿದುಕೊಂಡರು. ಸೇತುವೆಯ ಈಚೆ ತುದಿಯಲ್ಲಿ ಎಂಜಿನ್ ಆರಿಸುವುದು, ಏರಿನಲ್ಲಿ ಹಿಂದಿನವರು ಮುಂದಿನ ಗಾಡಿಗೆ ಕೈ ಕೊಡುವುದು, ನಡುವಿನಿಂದ ಆಚೆಗೆ ಇಳಿಜಾರಿನಲ್ಲಿ ಹಾಗೇ ಉರುಳಿಸಿಕೊಂಡು ಹೋಗುವುದು. ಹಾಲಿನ ವ್ಯಾನಿನವನ ಮಾವನಿಗೆ ದಿನಾ ನಡೆಯಬೇಕೆಂದು ಡಾಕ್ಟರು ಹೇಳಿದ್ದರಂತೆ. ಆತ ಮನೆಯಲ್ಲಿ ಒಂದು ಲೋಟ ಎತ್ತಿಡದವನು, ಇಲ್ಲಿ ಬಂದು ಸಿಕ್ಕವರ ಗಾಡಿ ತಳ್ಳುತ್ತಿದ್ದ. ಎಲ್ಲರೂ ಕಾನೂನಿನ ಪ್ರಕಾರವೇ ಬೆವರುತ್ತಿದ್ದೆವು.

ಅದು ನಿಮ್ಮ ಕಣ್ಣು ಕುಕ್ಕಿತು. ಬಾನೆಟ್ ತಪಾಸಣೆ ಶುರು ಮಾಡಿದಿರಿ. ಆಚೆ ತುದಿಯ ಗೇಟಿನ ಸಿಬ್ಬಂದಿ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ, ಪ್ರತಿ ಗಾಡಿಯ ಬಾನೆಟ್ ಮುಟ್ಟಿ ನೋಡಬೇಕು. ಬಿಸಿ ಇದ್ದರೆ ಸೇತುವೆಯ ಮೇಲೆ ಕದ್ದು ಎಂಜಿನ್ ಓಡಿಸಿದ್ದಾರೆಂದು ಅರ್ಥ, ಗಾಡಿ ಜಪ್ತಿ. ಸೇತುವೆಯವರೆಗೆ ಓಡಿಸಿಕೊಂಡು ಬಂದರೂ ಬಾನೆಟ್ ಬಿಸಿಯಾಗುತ್ತದಲ್ಲ, ಅದಕ್ಕಾಗಿ ನಾವು ಮನೆಯ ಬಾಗಿಲಿನಿಂದಲೇ ತಳ್ಳತೊಡಗಿದೆವು.

ಆ ದಿನ ನಮ್ಮ ವ್ಯಾನಿನಲ್ಲಿ ಇದ್ದದ್ದು ನಿಮ್ಮ ಸಭಾಂಗಣದ ಕುರ್ಚಿಗಳು. ಏರಿನಲ್ಲಿ ನಾನೂ ಹಾರ್ಡ್‌ವೇರ್ ಅಂಗಡಿಯ ಅಕ್ಕನೂ ಹಿಂದಿನಿಂದ ತಳ್ಳಿದೆವು. ಇಳಿಜಾರು ಬಂದಾಗ ಅಣ್ಣ ಒಳಗೆ ಹಾರಿ ಕೂತು ಬ್ರೇಕಿನ ಮೇಲೆ ಕಾಲಿಟ್ಟ. ಎಂಜಿನ್ ಆರಿದ ಗಾಡಿಯ ಬ್ರೇಕು ಒಂದೆರಡು ಸಲ ಒತ್ತುವಷ್ಟರಲ್ಲಿ ಕಲ್ಲಾಗುತ್ತದೆ. ದಿನಾ ಗೇಟು ತೆರೆದೇ ಇರುತ್ತಿತ್ತು, ಗಾಡಿ ದಾಟಿ ಸಮತಟ್ಟಿನಲ್ಲಿ ತಾನಾಗಿ ನಿಂತ ಮೇಲೆ ತಪಾಸಣೆ. ಅವತ್ತು ನಿಮ್ಮ ಹೊಸ ಆದೇಶ ಬಂದಿತ್ತಂತೆ, ಇಳಿಜಾರಿನಲ್ಲೇ ಗೇಟು ಹಾಕಿ ತಡೆಯಿರಿ ಎಂದು. ಗೇಟಿನ ಕಂಬಿ ಕೆಳಗಿಳಿದದ್ದನ್ನು ನಾನು ಹಿಂದಿನಿಂದ ಓಡುತ್ತಲೇ ನೋಡಿದೆ. “ಕೀ ತಿರುಗ್ಸು, ಕೀ ತಿರುಗ್ಸು” ಎಂದು ಕೂಗಿದೆ. ಕೀ ಅವನ ಕೈಯಲ್ಲೇ ಇತ್ತು. ಎಂಜಿನ್ ಹತ್ತಿದ್ದರೆ ಬ್ರೇಕು ಹಿಡಿಯುತ್ತಿತ್ತು. ಅವನು ಬಾಗಿಲು ತೆಗೆದು, ಸೈಕಲ್ ನಿಲ್ಲಿಸುವವರ ಹಾಗೆ, ಬಲಗಾಲನ್ನು ರಸ್ತೆಗೆ ಊರಿದ. ವ್ಯಾನು ಅವನ ಕಾಲನ್ನು ಗೇಟಿನ ಕಾಂಕ್ರೀಟ್ ಕಟ್ಟೆಗೆ ಒತ್ತಿ ನಿಂತಿತು.

ಗೇಟಿನವನು ಓಡಿಬಂದ. ಅಭ್ಯಾಸಬಲದಿಂದ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟ. “ತಣ್ಣಗಿದೆ” ಅಂದ. ಆಮೇಲೆ ಅಣ್ಣನ ಕಾಲು ನೋಡಿ ಅಲ್ಲೇ ಕೂತು ಅತ್ತ. ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟನ್ನು ಕಂಡಕಂಡವರಿಗೆ ಹಂಚಿ ಮುಗಿಸುವ ಇರಾದೆ ನನಗಿಲ್ಲ, ಅಷ್ಟನ್ನೂ ನಿಮಗೇ ಎತ್ತಿಟ್ಟಿದ್ದೇನೆ.

ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದಾಗ ನಿಮ್ಮ ಕಚೇರಿಯಿಂದ ಫೋನ್ ಬಂತು. ಒಬ್ಬರಾದರೂ ವಿಚಾರಿಸುತ್ತಿದ್ದಾರಲ್ಲ ಎಂದುಕೊಂಡೆ. “ಕುರ್ಚಿಗಳಿಗೇನೂ ಆಗಿಲ್ಲ ತಾನೇ?” ಎಂದು ಕೇಳಿದರು. ಕುರ್ಚಿಗಳು ಕ್ಷೇಮವಾಗಿದ್ದವು. ಒಳಗೆ ಹೋಗಿ ಅಣ್ಣನ ಮೇಲೆ ರೇಗಿದೆ. “ಕೀ ಯಾಕೋ ತಿರುಗ್ಸಲಿಲ್ಲ?” ಅವನು ಗೋಡೆಯ ಕಡೆ ನೋಡಿ ಹೇಳಿದ, “ಬಾನೆಟ್ ಬಿಸಿ ಆಗ್ಬಿಡುತ್ತೆ ಅನ್ಕೊಂಡೆ. ಗಾಡಿ ಹಿಡ್ಕೊಂಡ್ಬಿಡ್ತಾರಲ್ಲ.” ಅಧ್ಯಕ್ಷರೇ, ಬೆಂಕಿ ಕಂಡರೆ ಕೈ ಹಿಂದೆ ಸರಿಯುತ್ತದೆ, ಅದು ಮನುಷ್ಯ ಹುಟ್ಟುವಾಗಲೇ ತಂದದ್ದು. ಅದಕ್ಕಿಂತ ಆಳವಾಗಿ ನಿಮ್ಮ ಗೇಟಿನ ಹೆದರಿಕೆಯನ್ನು ನನ್ನ ಅಣ್ಣನ ಮೈಯೊಳಗೆ ಇಳಿಸಿದ್ದೀರಿ.

ನಿಮ್ಮಲ್ಲಿಗೂ ಬಂದಿದ್ದೆ. “ತಳ್ಳಿ ಅಂತ ನಿಮಗೆ ಹೇಳಿದ್ಯಾರು?” ಎಂದು ಕೇಳಿದಿರಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡು. ಅವತ್ತು ಮನೆಗೆ ಬಂದು ಅತ್ತೆ. ಅಣ್ಣನ ಬಲಪಾದದ ಕೀಲು ಈಗ ಮಡಚುವುದಿಲ್ಲ. ಎಡಗಾಲಿನಿಂದ ಮಶೀನು ತುಳಿಯುತ್ತಾನೆ. ಹೊಲಿಗೆ ಮೂಲೆಯನ್ನು ದಾಟಿ ಮುಂದೆ ಓಡಿಬಿಡುತ್ತದೆ. ಬಿಚ್ಚುತ್ತಾನೆ, ಮತ್ತೆ ಹೊಲಿಯುತ್ತಾನೆ, ಮತ್ತೆ ಬಿಚ್ಚುತ್ತಾನೆ. ನಾನು ನೋಡುತ್ತಿದ್ದೇನೆಂದು ಗೊತ್ತಾದರೆ ದಾರ ಸರಿಯಿಲ್ಲ ಎನ್ನುತ್ತಾನೆ. ನಿಮಗೆ ಒಳ್ಳೆಯದಾಗಲಿ ಎಂದು ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಿಮಗೂ ಒಂದು ದಿನ ಕಾಲು ಕಟ್ಟಿಹಾಕಿದಂತಾಗಲಿ ಎಂದು ಬಯಸಿದ್ದೇನೆ, ಬಯಸಿ ಸುಮ್ಮನೆ ಕೂತಿಲ್ಲ.

ಸುಂಕದ ಅವಧಿ ಇವತ್ತಿಗೆ ಮುಗಿಯುತ್ತದೆ. ಮಧ್ಯಾಹ್ನದೊಳಗೆ ಸಭೆ ಒಪ್ಪದಿದ್ದರೆ ನಾಳೆಯಿಂದ ಗೇಟು ಎತ್ತಲೇಬೇಕು. ಅಧ್ಯಕ್ಷರಿಲ್ಲದೆ ಸಭೆ ಸೇರುವಂತಿಲ್ಲ. ಸಭೆ ಇರುವುದು ಆಚೆ ದಡದಲ್ಲಿ, ನಿಮ್ಮ ಮನೆ ಇರುವುದು ಈಚೆ ಗುಡ್ಡದ ಮೇಲೆ. ತಳ್ಳಬಾರದೆಂಬ ನಿಯಮ ಇನ್ನೂ ಬಂದಿಲ್ಲ, ನೀವು ಹೋಗಿ ತಂದರೆ ತಾನೇ ಬರುವುದು? ಹಾಗಾಗಿ ನಮ್ಮ ದಡದ ಚಕ್ರವಿರುವ ಸಮಸ್ತವೂ ಇವತ್ತು ಬೆಳಿಗ್ಗೆ ಎಂಜಿನ್ ಆರಿಸಿ ಸೇತುವೆಗೆ ಬಂದಿದೆ. ಆಂಬುಲೆನ್ಸ್ ಬಂದರೆ ಬದಿಗೆ ಸರಿಯುತ್ತೇವೆ. ಅದರಲ್ಲಿ ಮಲಗಿಕೊಂಡು ಬರುವ ಯೋಚನೆ ಮಾಡಬೇಡಿ, ಒಳಗೆ ಇಣುಕಿ ನೋಡಲು ಹಾರ್ಡ್‌ವೇರ್ ಅಕ್ಕ ನಿಂತಿದ್ದಾಳೆ.

ನನ್ನ ಈ ಪತ್ರ ಅಚ್ಚಾಗಿರುವ ಪತ್ರಿಕೆಯನ್ನು ನೀವು ದಿನಾ ಕಾರಿನಲ್ಲಿ ಓದುತ್ತೀರೆಂದು ಕೇಳಿದ್ದೇನೆ. ಹಾಗಾದರೆ ಒಮ್ಮೆ ತಲೆಯೆತ್ತಿ ಗಾಜಿನಾಚೆ ನೋಡಿ. ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಮುಂದೆ, ಒಂದು ಹಳೆಯ ವ್ಯಾನಿದೆ. ಹಿಂದಿನಿಂದ ತಳ್ಳುತ್ತಿರುವವಳು ನಾನು. ನನ್ನ ಬೇಡಿಕೆ ಇಷ್ಟೇ. ನೀವು ಇಳಿದು ನಡೆದುಕೊಂಡೇ ಸಭೆಗೆ ಹೋಗಬಹುದು, ಯಾರೂ ಮುಟ್ಟುವುದಿಲ್ಲ. ಆದರೆ ಆ ವ್ಯಾನಿನ ಕಿಟಕಿಯ ಹತ್ತಿರ ನಿಂತು, ಸ್ಟೀರಿಂಗ್ ಹಿಡಿದವನ ಮುಖ ನೋಡಿ, ‘ಅಜಾಗರೂಕ ವ್ಯಕ್ತಿ’ ಎಂಬ ಸಾಲನ್ನು ಜೋರಾಗಿ ಓದಿ ಹೋಗಿ. ಓದಲು ಬಾಯಿ ಬರದಿದ್ದರೆ ಅಲ್ಲೇ ಪ್ರಸ್ತಾವವನ್ನು ಹರಿದುಹಾಕಿ. ಎರಡೂ ಆಗದಿದ್ದರೆ ಕಾರಿನಲ್ಲೇ ಕೂತಿರಿ. ಮಧ್ಯಾಹ್ನ ತಾನಾಗಿ ಬರುತ್ತದೆ, ನಮಗೆ ಅವಸರವಿಲ್ಲ.

ಇಂತಿ,
ನಿಮ್ಮ ವಿಶ್ವಾಸಿ ಎಂದು ಬರೆಯಲು ಕೈ ಏಳದ,
ಕುರ್ಚಿ ಹೊಲಿಯುವವನ ತಂಗಿ