ಬೆನ್ನು ತಿರುಗಿಸಿ ಹೇಳಿದ ಇಂಗ್ಲಿಷ್

ಮಾವಾರೇ, ನಿಮ್ಮ ಸೊಸೆ ಸುಜಾತಾಳ ಶರಣು.

ನಿಮ್ಮ ಮುಖವನ್ನು ನಾನು ಕಣ್ತುಂಬ ನೋಡಿದ್ದು, ಉಸಿರು ನಿಂತ ನಿಮ್ಮನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ ಹಣೆಗೆ ವಿಭೂತಿ ಬಳಿದ ದಿನ. ಬಲಗೆನ್ನೆಯ ಮೇಲೆ ಅಷ್ಟು ದೊಡ್ಡ ಮಚ್ಚೆ ಇತ್ತೇ? ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು ನಿಮ್ಮಿಂದಲೇ ಪಾಠ ಕಲಿತವಳಿಗೆ ಅದು ಗೊತ್ತಿರಲಿಲ್ಲ. ಅಳುವುದನ್ನೂ ಮರೆತು ನಿಂತುಬಿಟ್ಟೆ. ಹಿಂದಿನ ಸಂಜೆ ಚಹಾ ಕುಡಿದು ಕಪ್ಪು ಕೆಳಗಿಟ್ಟವರು ಹೀಗೆ ಒಮ್ಮೆಲೇ…

ತವರು ಘೋಣಸಗಿಯಿಂದ ಈ ಮನೆಗೆ ಬಂದ ಹೊಸದರಲ್ಲಿ ಸರಕಾರಿ ನೌಕರಿಯ ಎಫ್‌ಡಿಎ ಪರೀಕ್ಷೆ ಬರೆಯುತ್ತೇನೆ ಎಂದೆ. ಇಂಗ್ಲಿಷ್ ನಾನೇ ಹೇಳಿಕೊಡುತ್ತೇನೆ ಎಂದಿರಿ, ಹೈಸ್ಕೂಲಿನಲ್ಲಿ ಅದನ್ನೇ ಕಲಿಸಿ ನಿವೃತ್ತರಾದವರು. ಆದರೆ ನಮ್ಮ ಮನೆಯಲ್ಲಿ ಸೊಸೆ ಮಾವನ ಎದುರು ಕೂರುವುದು, ಮುಖವೆತ್ತಿ ನೋಡುವುದು ಉಂಟೇ? ನೀವು ಪಡಸಾಲೆಯಲ್ಲಿ ಅಡುಗೆಮನೆಗೆ ಬೆನ್ನು ಹಾಕಿ ಕೂತು ಪ್ರಶ್ನೆ, ನಾಲ್ಕು ಉತ್ತರ ಓದುತ್ತಿದ್ದಿರಿ. ಎರಡನೆಯದು ಸರಿ ಎನಿಸಿದರೆ ನಾನು ಒಳಗಿನಿಂದ ಇಕ್ಕಳದಲ್ಲಿ ರೊಟ್ಟಿಯ ಹಂಚನ್ನು ಎರಡು ಸಲ ಬಡಿಯುವುದು. ಬಾಯಿ ಬಿಡದೆ ಇಂಗ್ಲಿಷ್ ಕಲಿತ ಸೊಸೆ ವಿಜಯಪುರದಲ್ಲಿ ಇನ್ನೊಬ್ಬಳು ಇದ್ದಾಳೆಯೇ?

ವಿಶೇಷಣದ ಪ್ರಶ್ನೆ ಬಂದ ದಿನ ನೆನಪಿದೆಯೇ? 'ಒಲೆಯ ಮೇಲೆ ಕುದಿಯುತ್ತಾ, ಅವ್ವ ಬೇಳೆಯನ್ನು ನೋಡಿದಳು' ಎಂಬಂಥ ಇಂಗ್ಲಿಷ್ ವಾಕ್ಯ. ಬಣ್ಣಿಸುವ ಮಾತು ಯಾರಿಗೆ ಸೇರಿದ್ದೋ ಅವರ ಮಗ್ಗುಲಿಗೇ ಇರುವ ಉತ್ತರ ಆರಿಸಬೇಕಿತ್ತು. ನಾನು ಅವಸರದಲ್ಲಿ ತಪ್ಪು ಬಡಿದೆ. "ಕುದಿಯಾಕತ್ತಿದ್ದು ಬ್ಯಾಳಿ, ಅವ್ವ ಅಲ್ಲ. ತೆಲಿ ಎಲ್ಲಿ ಇಟ್ಟೀದಿ?" ಎಂದು ಗುಡುಗಿದಿರಿ. ಕೈಯಲ್ಲಿದ್ದ ರೊಟ್ಟಿ ಹರಿಯಿತು. ಇಂಥ ದಡ್ಡಿಗೆ ಕಲಿಸಿ ಬೇಸತ್ತಿದ್ದೀರಿ ಎಂದೇ ಅಂದಿನಿಂದ ನಂಬಿದ್ದೆ.

ಮಣ್ಣು ಕೊಟ್ಟು ವಾರವಾಗಿರಲಿಲ್ಲ, ಪರೀಕ್ಷೆ ಬಂತು. ಸಾವಿನ ಮನೆಯ ಸೊಸೆ ಹೊಸ್ತಿಲು ದಾಟಿದರೆ ಮಂದಿ ಏನಂದಾರು ಎಂದರು ನಿಡೋಣಿಯಿಂದ ಬಂದಿದ್ದ ನಿಮ್ಮ ತಂಗಿ. ನನಗೂ ಅದೇ ಬೇಕಿತ್ತು. ಹೇಗೂ ಫೇಲಾಗುವವಳಿಗೆ ಒಂದು ನೆಪ ಸಿಕ್ಕಿತಲ್ಲ. ಆಗ ಅತ್ತೆ ನನ್ನ ಕೈ ಹಿಡಿದರು. ನಮ್ಮ ಪಾಠದ ಹೊತ್ತಿಗೆ ನಿಮ್ಮೆದುರು ಕಾಳು ಹಸನು ಮಾಡುತ್ತಾ ಕೂತು ಒಂದು ದಿನವೂ ತುಟಿ ಬಿಚ್ಚದವರು.

"ಅವರು ನಿನಗ ಬೈಯುಮುಂದ ಮಾರಿ ತುಂಬ ನಗು ಇರ್ತಿತ್ತ ಬೇ. ನೀ ಹಂಚ ಸರಿ ಬಡದ್ರ ಕಣ್ಣಾಗ ನೀರು ತರತಿದ್ರು. ನಿನಗ ಬೆನ್ನ ಕಾಣ್ತಿತ್ತು, ನನಗ ಮಾರಿ ಕಾಣ್ತಿತ್ತು. ಹೋಗು, ಬರದ ಬಾ."

ಸಿಡಿಲು ಬಡಿದಂತಾಯಿತು ಮಾವಾರೇ. ನಿಮ್ಮ ಸಾವಿಗಿಂತ ಈ ಮಾತೇ ನನ್ನನ್ನು ಹೆಚ್ಚು ಅಲುಗಾಡಿಸಿತು ಎಂದರೆ ಸಿಟ್ಟಾಗುವಿರಾ? ನಾಲ್ಕು ವರ್ಷ ನನ್ನನ್ನು ಹೆದರಿಸಿ ಆ ಕಡೆ ನಗುತ್ತಿದ್ದಿರಲ್ಲ, ಇದೆಂಥ ಮೋಸ? ಒಂದು ಸಲ, ಒಂದೇ ಸಲ ಹೊರಳಿ ನೋಡಿದ್ದರೆ… ಪರೀಕ್ಷೆಯಲ್ಲಿ ಅದೇ ಬಗೆಯ ಪ್ರಶ್ನೆ ಬಂದಿತ್ತು. ಯಾರಿಗೆ ಸೇರಿದ ಮಾತು ಎಂದು ನೋಡಿದೆ, ಗುರುತು ಹಾಕಿದೆ.

ಮೊನ್ನೆ ಫಲಿತಾಂಶ ಬಂತು. ನಾನು ಆಯ್ಕೆಯಾಗಿದ್ದೇನೆ. ಅತ್ತೆ ನನ್ನ ಬಾಯಿಗೆ ಸಕ್ಕರೆ ಹಾಕಿ, ತಮಗೂ ಇಂಗ್ಲಿಷಿನಲ್ಲಿ ಹೆಸರು ಬರೆಯಲು ಕಲಿಸು ಎಂದರು. ಎದುರಿಗೇ ಕೂತೆ. ಮೊದಲ ಅಕ್ಷರವನ್ನೇ ಉಲ್ಟಾ ಬರೆದರು. ಬೈಯಲು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ಅತ್ತೆ ಬರೆಯುವುದು ಬಿಟ್ಟು ನನ್ನ ಮುಖವನ್ನೇ ನೋಡಿದರು.

"ಹಿಂಗ… ಥೇಟ್ ಹಿಂಗ ನಗತಿದ್ರು."