ಕಚ್ಚಾ ಬಣ್ಣದ ರುಮಾಲು

ಇಳಕಲ್, ಆಗಸ್ಟ್ ೧೯೧೧

ಅಹ್ಮದಭಾಯಿಗೆ ತಂಗಿಯ ಸಲಾಮು.

ಬರುವ ಐತವಾರ ನಿಮ್ಮ ಗೆಳೆಯ ಜಹಾಂಗೀರನನ್ನು ಬಾದಾಮಿಯ ಕಾಡಿನಲ್ಲಿ ನೀರು ಧುಮುಕುವ ಕೊಳ್ಳಕ್ಕೆ ಕರೆದೊಯ್ಯುತ್ತೀರಂತೆ. ಒಳ್ಳೆಯದು. ಬಿಸಿಲೇರುವ ಮೊದಲೇ ಹೊರಡಿ. ಗುಡ್ಡದ ಹಾದಿ ಜಾರುತ್ತದೆ, ಕೈಯಲ್ಲಿ ಕೋಲಿರಲಿ. ಕಟಕ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಖಾರದ ಶೇಂಗಾ ಹಿಂಡಿ ಮಾಡಿ ಕಳಿಸಿದ್ದೇನೆ. ಅವನೂ ಹೊಟ್ಟೆ ತುಂಬ ತಿನ್ನಲಿ.

ಗಂಟಿನಲ್ಲಿ ಒಂದು ಕೆಂಪು ರುಮಾಲಿದೆ. ನನ್ನ ಹೆಸರು ಹೇಳದೆ ಅವನ ತಲೆಗೆ ನೀವೇ ಸುತ್ತಿರಿ. ನನ್ನನ್ನು ನೋಡಲು ಬಂದ ದಿನ, “ಹುಡುಗಿ ಚಲೋ ಅದಾಳ್ರಿ, ಆದ್ರ ಆ ಬಣ್ಣದ ಕೈಲೆ ಮಾಡಿದ ರೊಟ್ಟಿ ಹ್ಯಾಂಗ ತಿನ್ನೂದ್ರಿ?” ಎಂದು ನಕ್ಕು ಎದ್ದುಹೋದನಲ್ಲ, ಆಗ ನೀವು ಸುಮ್ಮನೆ ಕೂತಿದ್ದಿರಿ.

ಅಪ್ಪನ ಬಣ್ಣದ ಹಂಡೆಯಲ್ಲಿ ನಾನೇ ಅದ್ದಿದ ರುಮಾಲು ಅದು. ಬೇಕೆಂದೇ ಬಣ್ಣ ಕಚ್ಚಾ ಉಳಿಸಿದ್ದೇನೆ. ನೀರು ತಾಗಿದರೆ ಇಳಿಯುತ್ತದೆ, ಮೈಗೆ ಹತ್ತಿದರೆ ಸಾಬೂನಿಗೂ ಜಗ್ಗುವುದಿಲ್ಲ. ಧಾರೆಯ ಕೆಳಗೆ ಅವನನ್ನು ಚೆನ್ನಾಗಿ ನಿಲ್ಲಿಸಿ. ಆಮೇಲೆ ರುಮಾಲನ್ನು ಅವನ ಕೈಯಿಂದಲೇ ಹಿಂಡಿಸಿ. ಏನಾದರೂ ಕೇಳಿದರೆ, ಅಂದಿನಂತೆ ಸುಮ್ಮನಿರಿ.

ಮರುದಿನ ಅವನು ಬಾಗಲಕೋಟೆಗೆ ಹೆಣ್ಣು ನೋಡಲು ಹೋಗುತ್ತಾನೆಂದು ಕೇಳಿದೆ. ಆ ಹುಡುಗಿಯೂ ಮೊದಲು ಅವನ ಕೈ ನೋಡಲಿ.

ಬಣ್ಣದ ಕೈಯ
ರೋಷನಬಿ